ಹಳದಿ ಬಾವುಟ

ಕಡಲತೀರದ ಊರಿನಲ್ಲಿ ಮೂವತ್ತು ವರ್ಷ ಸಂಸಾರ ಮಾಡಿದವನಿಗೆ ಹಡಗುಗಳ ವಿಷಯವೆಲ್ಲ ತಿಳಿದಿರಲೇಬೇಕೆಂದು ನಮ್ಮ ಬಯಲುಸೀಮೆಯ ನೆಂಟರ ನಂಬಿಕೆ. ಆ ನಂಬಿಕೆಯನ್ನು ಕೆಡಿಸಲು ನನಗೂ ಮನಸ್ಸು ಬರುವುದಿಲ್ಲ. ಅವರು ಬಂದಾಗಲೆಲ್ಲ ಮಹಡಿಗೆ ಕರೆದುಕೊಂಡು ಹೋಗಿ, ದೂರದಲ್ಲಿ ಲಂಗರು ಹಾಕಿ ನಿಂತ ಹಡಗುಗಳ ಕಡೆ ಕೈತೋರಿಸಿ, "ಅದೋ, ಅದು ಎಣ್ಣೆಯದು, ಇದು ಕಲ್ಲಿದ್ದಲಿನದು" ಎಂದು ಗಂಭೀರವಾಗಿ ಹೇಳುತ್ತಿದ್ದೆ. ಸರಿಯೋ ತಪ್ಪೋ ಎಂದು ಈಜಿಕೊಂಡು ಹೋಗಿ ನೋಡಿಬರುವವರು ಯಾರು? ಹೀಗೆ ನಿರಾತಂಕವಾಗಿ ನಡೆದುಬಂದ ನನ್ನ ಪಾಂಡಿತ್ಯಕ್ಕೆ 2020ನೆಯ ಇಸವಿ ಏಪ್ರಿಲ್ ತಿಂಗಳಲ್ಲಿ ಪರೀಕ್ಷೆ ಬಂದಿತು.

ನನ್ನ ಅಣ್ಣನ ಮಗ ಹಡಗಿನಲ್ಲಿ ಎಂಜಿನಿಯರು. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆಯೂ, ಎಂಬತ್ತೆಂಟು ವರ್ಷದ ನಮ್ಮ ತಾಯಿಯೂ ನನ್ನ ಮನೆಯಲ್ಲೇ ಇದ್ದರು. ಹುಡುಗ 2019ರ ಸೆಪ್ಟೆಂಬರಿನಲ್ಲಿ ಆರು ತಿಂಗಳ ಕರಾರಿನ ಮೇಲೆ ಹಡಗು ಹತ್ತಿದವನು. ಮಾರ್ಚಿನಲ್ಲಿ ಮನೆಗೆ ಬರಬೇಕಾಗಿತ್ತು. ಮಾರ್ಚಿನಲ್ಲಿ ಬಂದದ್ದು ಕೊರೋನಾ. ವಿಮಾನಗಳು ನಿಂತವು, ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಇಷ್ಟರಲ್ಲಿ ವಿಧಿಯ ವಿನೋದವೋ ಏನೋ, ಇಂಡೋನೇಷ್ಯದಿಂದ ತಾಳೆ ಎಣ್ಣೆ ಹೊತ್ತು ಅವನ ಹಡಗು ಎಲ್ಲ ಬಿಟ್ಟು ನಮ್ಮ ಊರಿನ ಬಂದರಿಗೇ ಬಂದು ನಿಂತಿತು! ಬಂದರಿನ ಹೆಸರು ಬೇಡ. ಆಗ ಎಲ್ಲ ಬಂದರುಗಳಲ್ಲೂ ಅದೇ ಕಟ್ಟಳೆ. ಹೊರದೇಶದ ಬಂದರು ಬಿಟ್ಟು 14 ದಿನ ತುಂಬಬೇಕು, ಅಲ್ಲಿಯವರೆಗೆ ಹೊರಗಡಲಿನಲ್ಲಿ ಕಾಯಬೇಕು. ಒಳಗೆ ಬಂದ ಮೇಲೂ ಹಡಗಿನವರು ನೆಲಕ್ಕೆ ಕಾಲಿಡಕೂಡದು.

ತೀರ ಹತ್ತಿರವಾದ್ದರಿಂದ ಫೋನು ಕೇಳಿಸುತ್ತಿತ್ತು. "ಹಳದಿ ಬಾವುಟ ಏರಿಸಿದ್ದಾರೆ, ಚಿಕ್ಕಪ್ಪ" ಎಂದ. ನನ್ನ ಎದೆ ಧಸಕ್ಕೆಂದಿತು. ಹಳದಿ ಬಾವುಟವೆಂದರೆ ರೋಗದ ಹಡಗು ಎಂದು ಎಲ್ಲಿಯೋ ಓದಿದ ನೆನಪು. ಹುಡುಗ ನಕ್ಕುಬಿಟ್ಟ. "ಅದು ಹಳೆಯ ಕಾಲದ ಮಾತು. ಈಗ ಅದರ ಅರ್ಥ, ನಮ್ಮ ಹಡಗಿನಲ್ಲಿ ಎಲ್ಲರೂ ಆರೋಗ್ಯವಾಗಿದ್ದೇವೆ, ಒಳಗೆ ಬರಲು ಅಪ್ಪಣೆ ಕೊಡಿ, ಅಂತ." ನಮ್ಮ ತಾಯಿಗೆ ಇದು ಬಹಳ ಹಿಡಿಸಿತು. "ಮತ್ತೆ! ಅರಿಸಿನದ ಬಣ್ಣ ಕೆಟ್ಟದ್ದು ಹೇಗೆ ಹೇಳೀತು?" ಎಂದರು.

ಆ ಅಪ್ಪಣೆಗೆ ಮುಂಚೆ ಕಪ್ತಾನ ಒಂದು ಆರೋಗ್ಯ ಪತ್ರ ತುಂಬಿ ಕೊಡಬೇಕು. ಲೋಕದ ಎಲ್ಲ ಬಂದರುಗಳಿಗೂ ಒಂದೇ ನಮೂನೆ. ಪ್ರಯಾಣದಲ್ಲಿ ಅಪಘಾತವಲ್ಲದೆ ಬೇರೆ ಕಾರಣದಿಂದ ಯಾರಾದರೂ ಸತ್ತಿದ್ದಾರೆಯೇ? ಸೋಂಕು ರೋಗದ ಅನುಮಾನ ಉಂಟೇ? ಕದ್ದು ಹತ್ತಿದವರು ಯಾರಾದರೂ ಸಿಕ್ಕಿದ್ದಾರೆಯೇ? ರೋಗ ಹಿಡಿದ ಪ್ರಾಣಿ ಇದೆಯೇ? ಎಲ್ಲಕ್ಕೂ ಕಪ್ತಾನ 'ಇಲ್ಲ' ಎಂದು ಬರೆದನಂತೆ. ದೂರದಿಂದ ಮನೆ ಕಾಣುತ್ತಿರುವವರು ಯಾರಾದರೂ ಇದ್ದಾರೆಯೇ ಎಂಬ ಪ್ರಶ್ನೆ ಆ ನಮೂನೆಯಲ್ಲಿ ಇಲ್ಲ.

ನಮ್ಮ ತಾಯಿ ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ದಿನವಂತೆ?"

ಅವರು ಹಾಸನದ ಕಡೆಯವರು. ಹುಡುಗಿಯಾಗಿದ್ದಾಗ ಪ್ಲೇಗು ಕಂಡವರು. ಇಲಿ ಬಿದ್ದಿತೆಂದರೆ ಊರಿಗೆ ಊರೇ ಹೊಲದಲ್ಲಿ ಗುಡಿಸಲು ಹಾಕಿಕೊಂಡು ಹೋಗುತ್ತಿತ್ತಂತೆ. ಮಾರಿ ಇಳಿದ ಮೇಲೆ ಹಿರಿಯರು ದಿನ ಗೊತ್ತುಮಾಡಿ, ಮನೆಗೆ ಸುಣ್ಣ ಬಳಿದು, ಹಾಲುಕ್ಕಿಸಿ ಒಳಗೆ ಬರುತ್ತಿದ್ದರಂತೆ. ಸೂತಕಕ್ಕೆ ಹತ್ತು ದಿನ, ಬಾಣಂತಿಗೆ ಇಷ್ಟು ದಿನ, ಗ್ರಹಣಕ್ಕೆ ಇಷ್ಟು ಗಳಿಗೆ. ಅವರ ಲೋಕದಲ್ಲಿ ಮುಟ್ಟಬಾರದು ಎಂಬುದಕ್ಕೆಲ್ಲ ಒಂದು ಕೊನೆಯ ದಿನವಿತ್ತು. ಅವರ ತಾತನ ಕಾಲದಲ್ಲಿ ಸಮುದ್ರ ದಾಟಿ ಬಂದವನಿಗೆ ಸಹ ಪ್ರಾಯಶ್ಚಿತ್ತವಿತ್ತು. ಪಂಚಗವ್ಯ ಕುಡಿದರೆ ಪಂಕ್ತಿಗೆ ಕರೆಯುತ್ತಿದ್ದರು. ಈಗ ಮೂಗಿಗೆ ಕಡ್ಡಿ ಹಾಕುತ್ತಾರೆ, ಆಗಲಿ, ಹಾಕಿ ಕಳಿಸಲಿ, ಎಂಬುದು ಅವರ ವಾದ.

ಕ್ವಾರಂಟೈನು ಎಂಬ ಮಾತಿನ ಹುಟ್ಟೂ ಲೆಕ್ಕದಿಂದಲೇ. 1377ರಲ್ಲಿ ರಗೂಸ ಎಂಬ ಕಡಲೂರು, ಈಗಿನ ಡುಬ್ರೋವ್ನಿಕ್, ಪ್ಲೇಗಿನ ನಾಡುಗಳಿಂದ ಬಂದವರು 30 ದಿನ ಹೊರಗೆ ಇರಬೇಕೆಂದು ಶಾಸನ ಮಾಡಿತು. ಮುಂದೆ ಅದು ನಲವತ್ತಾಯಿತು. ವೆನಿಸ್ಸಿನವರ ಮಾತಿನಲ್ಲಿ ನಲವತ್ತರ ಹೆಸರೇ ಈ ಪದದ ಬೇರು. 1423ರಲ್ಲಿ ವೆನಿಸ್ಸು ಒಂದು ದ್ವೀಪವನ್ನೇ ರೋಗಿಗಳಿಗಾಗಿ ತೆಗೆದಿಟ್ಟಿತು. ಕ್ರೂರ ಕಾಲ ಎನ್ನಿ. ಆದರೆ ನಲವತ್ತನೆಯ ದಿನ ಮುಗಿದವನು ದೋಣಿ ಇಳಿದು ಮನೆಗೆ ನಡೆಯಬಹುದಾಗಿತ್ತು. ಆ ಶಾಸನದಲ್ಲಿ ದಯೆ ಎಂಬುದು ಇದ್ದರೆ ಅದು ಆ ಅಂಕಿಯಲ್ಲಿತ್ತು. 2020ರಲ್ಲಿ ನಮ್ಮ ಹುಡುಗನಿಗೆ ಇಲ್ಲದೆ ಹೋದದ್ದು ಆ ಅಂಕಿ.

ಮಹಡಿಯಿಂದ ಮೂರು ಹಡಗು ಕಾಣುತ್ತಿದ್ದವು. "ನಮ್ಮದು ಯಾವುದು?" ಎಂದು ತಾಯಿ ಕೇಳಿದರು. ಪಂಡಿತನಾದ ನಾನು ಎಡಗಡೆಯದನ್ನು ತೋರಿಸಿದೆ. ಅಂದಿನಿಂದ ಸಂಜೆಯಾದರೆ ಅತ್ತಿಗೆ ಅವರನ್ನು ಕೈಹಿಡಿದು ಮಹಡಿ ಹತ್ತಿಸುವುದು, ದೀಪವನ್ನು ಮೂರು ಸಲ ಹಾಕಿ ಆರಿಸುವುದು, ಆ ಮೇಲೆ ಫೋನು: "ಕಂಡಿತೇನೋ?" "ಕಂಡಿತು, ಅಜ್ಜಿ."

ಆರನೆಯ ದಿನ ಹಡಗು ಬಂದರಿನೊಳಗೆ ಬಂದಿತು. ಮೈಯೆಲ್ಲ ಬಿಳಿ ಮುಸುಕು ಹಾಕಿಕೊಂಡವರು ಹತ್ತಿ ಜ್ವರ ನೋಡಿದರು. ಕೊಳವೆ ಜೋಡಿಸಿದರು, ಎಣ್ಣೆ ಇಳಿಯಿತು. ಮನುಷ್ಯರು ಇಳಿಯಲಿಲ್ಲ. ಅದೇ ಎಣ್ಣೆಯಲ್ಲೋ, ಅದರ ಹಿಂದಿನ ಹಡಗಿನದರಲ್ಲೋ, ಊರಿಗೆ ಊರೇ ಮನೆಯಲ್ಲಿ ಕುಳಿತು ಹಪ್ಪಳ ಕರಿದು ತಿನ್ನುತ್ತಿತ್ತು. ನಾವೂ ತಿಂದೆವು.

ಇನ್ನೊಂದು ಮಾತು ಹೇಳದಿದ್ದರೆ ಈ ಬರಹ ಅರ್ಧ ಸುಳ್ಳಾದೀತು. ಆ ದಿನಗಳಲ್ಲಿ ನಾನು ಹಾಲಿನ ಪೊಟ್ಟಣಕ್ಕೆ ಸಾಬೂನಿನ ಸ್ನಾನ ಮಾಡಿಸುತ್ತಿದ್ದವನು. ಹುಡುಗನನ್ನು ಇಳಿಸುವುದಿಲ್ಲವೆಂದು ತಿಳಿದಾಗ ಅತ್ತಿಗೆಯ ಎದುರು ಸರಕಾರವನ್ನು ಬೈದೆ. ಒಳಗೆ, ಎದೆಯ ಒಂದು ಮೂಲೆಯಲ್ಲಿ, ಸದ್ಯ, ಮುದುಕಿ ಇರುವ ಮನೆ, ಬಾರದಿದ್ದುದೇ ಒಳ್ಳೆಯದಾಯಿತು ಎಂದುಕೊಂಡೆ. ಕಟ್ಟಳೆ ಮಾಡಿದವರು ಎಲ್ಲಿಯೋ ದೂರದವರೆಂದು ನಾವು ತಿಳಿಯುತ್ತೇವೆ. ಅದನ್ನು ಮಾಡಿದ್ದು ನನ್ನಂಥವರ ಅಂಜಿಕೆ.

ಹಡಗು ಹೊರಟುಹೋಯಿತು. ಅದಾದ ನಾಲ್ಕು ದಿನಕ್ಕೆ, ಏಪ್ರಿಲ್ 21ರಂದು, ಕೇಂದ್ರ ಸರಕಾರದ ಆಜ್ಞೆ ಬಂದಿತು: ನಮ್ಮ ನಾವಿಕರು ನಮ್ಮ ಬಂದರುಗಳಲ್ಲಿ ಇಳಿಯಬಹುದು, ಪರೀಕ್ಷೆ ಮಾಡಿ, ಫಲ ತಿಳಿಯುವವರೆಗೆ ಪ್ರತ್ಯೇಕವಾಗಿ ಇರಿಸಿ, ರೋಗವಿಲ್ಲದಿದ್ದರೆ ರಹದಾರಿ ಕೊಟ್ಟು ಮನೆಗೆ ಕಳಿಸಬೇಕು. ಬಹಳ ಸರಿಯಾದ ಆಜ್ಞೆ. ನಮ್ಮ ಹುಡುಗ ಆಗ ನಡುಗಡಲಿನಲ್ಲಿದ್ದ.

ಅವನೊಬ್ಬನ ಕಥೆಯಲ್ಲ. ಆ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮದಲ್ಲಿ 'ಡೈಮಂಡ್ ಪ್ರಿನ್ಸೆಸ್' ಎಂಬ ವಿಹಾರದ ಹಡಗನ್ನು ತಡೆದಿದ್ದರು. 3,711 ಜನರಲ್ಲಿ 712 ಜನಕ್ಕೆ ರೋಗ ತಗಲಿತು. ಪ್ರಯಾಣಿಕರು ಕೋಣೆಯಲ್ಲಿ ಕುಳಿತರು. ಅವರ ಬಾಗಿಲಿಗೆ ಊಟ ಒಯ್ದವರು ಹಡಗಿನ ಕೆಲಸದವರು. ಅವರಲ್ಲಿ ನಮ್ಮ ದೇಶದವರೇ 132 ಮಂದಿ. ಚೀನದ ಜಿಂಗ್‌ಟಾಂಗ್ ಬಂದರಿನ ಹೊರಗೆ 'ಜಗ್ ಆನಂದ್' ಎಂಬ ಕಲ್ಲಿದ್ದಲಿನ ಹಡಗು 2020ರ ಜೂನಿನಿಂದ ಮರುವರ್ಷದ ಜನವರಿಯವರೆಗೆ ನಿಂತೇ ಇತ್ತು. ಹೆಸರಿನಲ್ಲಿ ಜಗತ್ತಿನ ಆನಂದ. ಒಳಗೆ 23 ಜನ ಭಾರತೀಯರು. ಕೊನೆಗೆ ಜಪಾನಿಗೆ ಹೋಗಿ ಇಳಿದರು. ನಾವಿಕನನ್ನು ಹನ್ನೆರಡು ತಿಂಗಳು ಮೀರಿ ಹಡಗಿನಲ್ಲಿ ಇರಿಸಕೂಡದೆಂದು ಅಂತರರಾಷ್ಟ್ರೀಯ ಒಪ್ಪಂದವಿದೆ. ಆದರೂ ಆ ವರ್ಷದ ಕೊನೆಯ ಹೊತ್ತಿಗೆ ಅವಧಿ ಮೀರಿ ಕಡಲಲ್ಲಿ ಉಳಿದವರು ನಾಲ್ಕು ಲಕ್ಷವೆಂದು ಲೆಕ್ಕ. ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ, ನಾವಿಕರನ್ನು ಅತ್ಯವಶ್ಯ ಕೆಲಸದವರೆಂದು ಪರಿಗಣಿಸಿರೆಂದು ಎಲ್ಲ ದೇಶಗಳನ್ನೂ ಕೇಳಿಕೊಂಡಿತು.

ತಾಯಿ ಆಗಸ್ಟಿನಲ್ಲಿ ತೀರಿಕೊಂಡರು. ಕೊರೋನಾ ಅಲ್ಲ, ವಯಸ್ಸು. ಹುಡುಗ ಆಗ ಯಾವುದೋ ಪರದೇಶದ ಬಂದರಿನ ಹೊರಗೆ ಇದ್ದ. ಎಂಜಿನ್ ಕೋಣೆಯಲ್ಲಿ ಸೂತಕ ಹಿಡಿಯುವುದು ಹೇಗೆ? ಆದರೂ ಹತ್ತು ದಿನ ಎಣಿಸಿದನಂತೆ. "ಇಡೀ ವರ್ಷದಲ್ಲಿ ನಾನು ಕೊನೆಯವರೆಗೆ ಎಣಿಸಿ ಮುಗಿಸಿದ ಲೆಕ್ಕ ಅದೊಂದೇ, ಚಿಕ್ಕಪ್ಪ" ಎಂದು ಆಮೇಲೆ ಹೇಳಿದ.

ನವೆಂಬರಿನಲ್ಲಿ ಕೊಚ್ಚಿಯಲ್ಲಿ ಇಳಿದು, ಪರೀಕ್ಷೆ ಮಾಡಿಸಿಕೊಂಡು ಮನೆಗೆ ಬಂದ. ಆ ಹೊತ್ತಿಗೆ ಸರಕಾರ ಕೇಳುತ್ತಿರಲಿಲ್ಲ. ತಾನಾಗಿಯೇ ಮಹಡಿಯ ಕೋಣೆ ಸೇರಿದ. ಅತ್ತಿಗೆ ಮೆಟ್ಟಿಲ ಮೇಲೆ ತಟ್ಟೆ ಇಟ್ಟು ಬರುವರು. ಅವನು ಗೋಡೆಯ ಪಂಚಾಂಗದಲ್ಲಿ ದಿನಕ್ಕೊಂದು ಗೀಟು ಎಳೆಯುವನು. "ಹದಿನಾಲ್ಕು ಎಂದರೆ ಹದಿನಾಲ್ಕೇ ತಾನೇ?" ಎಂದು ಮೇಲಿನಿಂದ ಕೂಗಿ ಕೇಳಿದ. ಹೌದೆಂದೆ. ಮನೆಯೊಳಗೆ ಸೆರೆಯಾದ ಮನುಷ್ಯ ಅಷ್ಟು ಸಂತೋಷವಾಗಿದ್ದುದನ್ನು ನಾನು ಬೇರೆ ಕಂಡಿಲ್ಲ.

ಹದಿನೈದನೆಯ ದಿನ ಸಂಜೆ ಇಬ್ಬರೂ ಮಹಡಿಯ ಮೇಲೆ ನಿಂತಿದ್ದೆವು. "ಅಜ್ಜಿಯ ದೀಪ ನಿಜವಾಗಿ ಕಾಣುತ್ತಿತ್ತೇನೋ?" ಎಂದೆ. ತೀರದಲ್ಲಿ ಸಾವಿರ ದೀಪ, ಅದರಲ್ಲಿ ಗೊತ್ತಾಗುವುದು ಹೇಗೆ ಎಂದ. ಸ್ವಲ್ಪ ಹೊತ್ತಿನ ಮೇಲೆ, "ನೀವು ಯಾವ ಹಡಗು ನೋಡುತ್ತಿದ್ದಿರಿ?" ಎಂದು ಕೇಳಿದ. ತೋರಿಸಿದೆ. "ಅಲ್ಲ ಚಿಕ್ಕಪ್ಪ, ನಮ್ಮದು ಬಲಗಡೆಯದು."

ಈಗಲೂ ನೆಂಟರು ಬಂದರೆ ಮಹಡಿ ಹತ್ತುತ್ತೇವೆ. ಅದು ಯಾವ ಹಡಗು ಎಂದು ಕೇಳುತ್ತಾರೆ. ನನಗೆ ಗೊತ್ತಿಲ್ಲವೆಂದು ಹೇಳುತ್ತೇನೆ. ಅದರಲ್ಲಿ ಇಪ್ಪತ್ತು ಇಪ್ಪತ್ತೈದು ಜನ ಇದ್ದಾರೆ ಎಂಬುದನ್ನು ಮಾತ್ರ ಸೇರಿಸುತ್ತೇನೆ.