ಮೂರು ಅಕ್ಷರ, ಒಂಬತ್ತು ಕೀಲಿ

1956ರ ನವೆಂಬರ್ 1ರಂದು ಒಂದು ಗಡಿ ಅಳಿಯಿತು, ಇನ್ನೊಂದು ಗಡಿ ಹುಟ್ಟಿತು. ಅಳಿದುದು, ಶಿರಾಡಿ ಘಾಟಿಯ ಇಳುಕಲಿನಲ್ಲಿ ಮೈಸೂರು ರಾಜ್ಯದ ಹಾಸನವನ್ನೂ ಮದರಾಸು ರಾಜ್ಯದ ದಕ್ಷಿಣ ಕನ್ನಡವನ್ನೂ ಬೇರ್ಪಡಿಸಿದ್ದ ಗಡಿ. ಹುಟ್ಟಿದುದು, ನನ್ನ ಹುಟ್ಟೂರ ಸೀಮೆಯಾದ ಕಾಸರಗೋಡನ್ನು ಅದೇ ದಕ್ಷಿಣ ಕನ್ನಡದಿಂದ ಕತ್ತರಿಸಿ ಕೇರಳಕ್ಕೆ ಸೇರಿಸಿದ ಗಡಿ. ಹುಟ್ಟಿದ ಗಡಿಯ ಆಚೆಗಿನ ಒಂದು ಕನ್ನಡ ಮಾಧ್ಯಮದ ಶಾಲೆಯಲ್ಲಿ ಬಹುಕಾಲ ಪಾಠ ಹೇಳಿ, ನಿವೃತ್ತನಾದ ಬಳಿಕ ತಂಗಿಯನ್ನು ಕೊಟ್ಟ ಮನೆಯಿರುವ ಹೆಗ್ಗದ್ದೆಗೆ ಬಂದು ನೆಲೆಸಿರುವ ನಾನು, ಈಗ ಅಳಿದ ಗಡಿಯ ಮಗ್ಗುಲಲ್ಲಿ ವಾಸವಾಗಿದ್ದೇನೆ. ಅಲ್ಲಿ ನನ್ನನ್ನು 'ಮಾಷ್ಟ್ರು' ಎನ್ನುತ್ತಿದ್ದರು. ಇಲ್ಲಿ 'ಮೇಷ್ಟ್ರು' ಎನ್ನುತ್ತಾರೆ. ಹೆಗ್ಗದ್ದೆಯಿಂದ ಅಡ್ಡಹೊಳೆಯವರೆಗಿನ 26 ಕಿಲೋಮೀಟರ್ ಘಾಟಿಯಲ್ಲಿ ಎಲ್ಲಿಯೋ ಒಂದು ತಿರುವಿನಲ್ಲಿ ಆಕಾರವು ಏಕಾರವಾಗಿ ಮಾರ್ಪಡುತ್ತದೆ. ಆ ತಿರುವು ಯಾವುದೆಂದು ಬಸ್ಸಿನಲ್ಲಿ ಕುಳಿತು ಎಷ್ಟೋ ಸಲ ಕಿವಿಗೊಟ್ಟು ಕೇಳಿದ್ದೇನೆ.

ಭೂಪಟದಿಂದ ಗಡಿ ಅಳಿದರೂ ನಾಲಗೆಯಿಂದ ಅಳಿಯಲಿಲ್ಲ. ಇಲ್ಲಿಯ ಮನೆಗಳಲ್ಲಿ ಮಲೆನಾಡಿನ ಕನ್ನಡವಿದೆ. ಘಟ್ಟದ ಕೆಳಗಿನಿಂದ ಸೊಸೆಯಂದಿರ ಸಂಗಡ ಬಂದ ತುಳುವಿದೆ. ಕಾಫಿತೋಟಗಳ ಲೈನ್ ಮನೆಗಳಲ್ಲಿ ತಮಿಳೂ ಮಲಯಾಳವೂ ತಲೆಮಾರುಗಳಿಂದ ಇವೆ. ಈಚಿನ ವರ್ಷಗಳಲ್ಲಿ ಅಸ್ಸಾಮಿನಿಂದ ಬಂದ ಕೆಲಸಗಾರರ ಭಾಷೆಯೂ ಸೇರಿದೆ. ಇಂತಹ ಊರಿನ ಹನ್ನೆರಡು ವರ್ಷದ ಮಗುವು, ಅಂಗಡಿಯಲ್ಲಿ ಒಂದು, ಅಡುಗೆಮನೆಯಲ್ಲಿ ಒಂದು, ಶಾಲೆಯಲ್ಲಿ ಮತ್ತೊಂದು ಭಾಷೆಯನ್ನಾಡುತ್ತ, ತನಗೆ ಅರಿವಿಲ್ಲದೆಯೇ ದಿನಕ್ಕೆ ನೂರು ಬಾರಿ ಅನುವಾದವನ್ನು ಮಾಡುತ್ತಿರುತ್ತದೆ.

ಆರರಿಂದ ಎಂಟನೆಯ ತರಗತಿಯವರೆಗಿನ ಇಂತಹ ಐದಾರು ಮಕ್ಕಳಿಗೆ, ಭಾನುವಾರದ ಅಪರಾಹ್ಣಗಳಲ್ಲಿ, ತಂಗಿಯ ಮನೆಯ ಜಗುಲಿಯ ಮೇಲೆ ಒಂದು ಹಳೆಯ ಲ್ಯಾಪ್‌ಟಾಪನ್ನು ಇಟ್ಟುಕೊಂಡು ಕಂಪ್ಯೂಟರಿನ ಪಾಠವನ್ನು ಹೇಳುತ್ತಿದ್ದೇನೆ. ಇದಕ್ಕೆ ನನ್ನನ್ನು ಪ್ರೇರಿಸಿದುದು ಪಿಡುಗಿನ ಕಾಲದ ಒಂದು ಛಾಯಾಚಿತ್ರ. 2021ರ ಮಳೆಗಾಲದಲ್ಲಿ, ಸುಳ್ಯ ಸೀಮೆಯ ಒಂದು ರಸ್ತೆಯ ಬದಿಯಲ್ಲಿ, ಸುರಿಯುವ ಮಳೆಗೆ ತಂದೆಯು ಕೊಡೆ ಹಿಡಿದು ನಿಂತಿರಲು ಅದರಡಿಯಲ್ಲಿ ಕುಳಿತು ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದ ಬಾಲಿಕೆಯ ಆ ಚಿತ್ರವನ್ನು ನೋಡಿ ನಾಡೆಲ್ಲ ಮರುಗಿತು. ಮರುಗಿದವರು ನೆಟ್‌ವರ್ಕ್ ಇಲ್ಲದುದಕ್ಕೆ ಮರುಗಿದರು, ಅದು ಯುಕ್ತವೇ. ಆದರೆ ನೆಟ್‌ವರ್ಕ್ ಬಂದ ಬಳಿಕ ಆ ವಯಸ್ಸಿನ ಮಕ್ಕಳ ಕೈಗೆ ಸೇರಿದ ಯಂತ್ರದಿಂದ ಅವರು ಏನನ್ನು ಮಾಡಬಲ್ಲವರಾದರು ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ.

ನನ್ನ ಜಗುಲಿಗೆ ಬಂದ ಮಕ್ಕಳೆಲ್ಲರೂ ಮೊಬೈಲನ್ನು ಬಲ್ಲವರೇ. ಬೆರಳಿನಿಂದ ಪರದೆಯನ್ನು ಸವರಿ ವೀಡಿಯೊಗಳನ್ನು ಓಡಿಸುವುದರಲ್ಲಿ ಅವರಿಗಿರುವ ನೈಪುಣ್ಯ ನನಗಿಲ್ಲ. ಆದರೆ, "ನಿಮ್ಮ ಊರಿನ ಹೆಸರನ್ನು ಕನ್ನಡದಲ್ಲಿ ಬರೆಯಿರಿ ನೋಡೋಣ" ಎಂದಾಗ ಒಬ್ಬರಿಗೂ ಕೈ ಓಡಲಿಲ್ಲ. ಬರೆಯುವುದಾದರೆ ಇಂಗ್ಲಿಷ್ ಲಿಪಿಯಲ್ಲಿಯೇ ಕನ್ನಡವನ್ನು ಬರೆಯುವುದು ಅವರ ರೂಢಿ. ಆ ಲಿಪಿಯಲ್ಲಿ ಹಲ್ಲಿಯೂ ಒಂದೇ, ಹಳ್ಳಿಯೂ ಒಂದೇ. ಕಲೆಯೂ ಕಳೆಯೂ ಒಂದೇ. ತನ್ನ ಮಾತನ್ನು ತನ್ನ ಅಕ್ಷರದಲ್ಲಿ ಬರೆಯಲಾರದ ಮಗುವಿಗೆ ಆ ಯಂತ್ರವು ಎಷ್ಟು ಕಾಲವಾದರೂ ಪರರ ಮನೆಯಾಗಿಯೇ ಉಳಿಯುತ್ತದೆ. ಅಲ್ಲಿ ಅದು ನೋಡುವ ಅತಿಥಿಯಾಗಿರಬಹುದು, ಮಾಡುವ ಯಜಮಾನನಾಗಲಾರದು. ಪಕ್ಕದ ಮೂಡಿಗೆರೆಯ ತೋಟದಲ್ಲಿ ಕುಳಿತು ಪೂರ್ಣಚಂದ್ರ ತೇಜಸ್ವಿಯವರು, 2007ರಲ್ಲಿ ತೀರಿಕೊಳ್ಳುವುದಕ್ಕೆ ಮುಂಚಿನ ವರ್ಷಗಳಲ್ಲಿ, ಕಂಪ್ಯೂಟರಿನಲ್ಲಿ ಕನ್ನಡಕ್ಕೆ ದೊರೆಯಬೇಕಾದ ಸ್ಥಾನದ ವಿಷಯದಲ್ಲಿ ಅಷ್ಟೊಂದು ಆತಂಕಪಟ್ಟುದು ಈ ಕಾರಣದಿಂದಲೇ ಎಂದು ನಾನು ತಿಳಿದಿದ್ದೇನೆ.

ಆದುದರಿಂದ ನಮ್ಮ ಮೊದಲ ಪಾಠವು ಊರಿನ ಹೆಸರೇ ಆಯಿತು. ಹಿರಿದಾದ ಗದ್ದೆ ಹೆಗ್ಗದ್ದೆ. ಕಾಗದದ ಮೇಲೆ ಅದಕ್ಕೆ ಮೂರೇ ಅಕ್ಷರ: ಹೆ, ಗ್ಗ, ದ್ದೆ. ಕೀಲಿಮಣೆಯ ಮೇಲಾದರೋ ಒಂಬತ್ತು ಸಲ ಬೆರಳನ್ನು ಒತ್ತಬೇಕು: ಹಕಾರ, ಎತ್ವ, ಗಕಾರ, ಹಲಂತ, ಮತ್ತೆ ಗಕಾರ, ದಕಾರ, ಹಲಂತ, ಮತ್ತೆ ದಕಾರ, ಎತ್ವ. ತಂಗಿಯ ಮಗನ ಮಗಳು, ಆರನೆಯ ತರಗತಿಯವಳು, ಒಂಬತ್ತನ್ನೂ ಒತ್ತಿ ಮುಗಿಸಿ ನನ್ನ ಕಡೆಗೆ ತಿರುಗಿ, "ಅಜ್ಜ, ಮೂರು ಅಕ್ಷರಕ್ಕೆ ಯಾಕೆ ಒಂಬತ್ತು?" ಎಂದು ಕೇಳಿದಳು. ಕಣ್ಣಿಗೆ ಕಾಣುವ ಅಕ್ಷರ ಬೇರೆ, ಯಂತ್ರವು ತನ್ನೊಳಗೆ ಜೋಡಿಸಿಟ್ಟುಕೊಳ್ಳುವ ಸಂಕೇತಗಳ ಸಾಲು ಬೇರೆ; ಯೂನಿಕೋಡ್ ಎಂಬ ವ್ಯವಸ್ಥೆಯು ಜಗತ್ತಿನ ಲಿಪಿಗಳ ಒಂದೊಂದು ಚಿಹ್ನೆಗೂ ಒಂದೊಂದು ಸಂಖ್ಯೆಯನ್ನು ಕೊಟ್ಟಿದೆ; ನಿನ್ನ ಊರು ಯಂತ್ರಕ್ಕೆ ಒಂಬತ್ತು ಸಂಖ್ಯೆಗಳು; ಒಂದು ಗಕಾರಕ್ಕೆ ಇನ್ನೊಂದು ಗಕಾರ ಒತ್ತಾಗಿ ಸೇರಬೇಕೆಂಬ ಆಜ್ಞೆಯೇ ಹಲಂತ. ಇದನ್ನು ಹೇಳುತ್ತಿದ್ದಾಗ, ಕಾಗುಣಿತವನ್ನೂ ಒತ್ತಕ್ಷರವನ್ನೂ ಬಾಯಿಪಾಠ ಮಾಡಿ ಬೇಸತ್ತಿದ್ದ ಮಕ್ಕಳ ಮುಖದಲ್ಲಿ ವ್ಯಾಕರಣವು ಮೊದಲ ಬಾರಿಗೆ ಒಂದು ಯಂತ್ರದ ಕೀಲುಗಳಂತೆ ಚಲಿಸತೊಡಗಿದುದನ್ನು ಕಂಡೆನು.

ಇಲ್ಲಿ ನನ್ನ ಕಾಸರಗೋಡಿನ ಅನುಭವವು ಉಪಯೋಗಕ್ಕೆ ಬಂದಿತು. ಭಾರತದ ಲಿಪಿಗಳಿಗಾಗಿ ಕಳೆದ ಶತಮಾನದ ಎಂಬತ್ತರ ದಶಕದಲ್ಲಿ ಸರ್ಕಾರದ ವತಿಯಿಂದ ರೂಪುಗೊಂಡ ಇನ್‌ಸ್ಕ್ರಿಪ್ಟ್ ಎಂಬ ಕೀಲಿಮಣೆಯ ವಿನ್ಯಾಸದಲ್ಲಿ, ಬ್ರಾಹ್ಮಿಯಿಂದ ಹುಟ್ಟಿದ ಎಲ್ಲ ಲಿಪಿಗಳಿಗೂ ಒಂದೇ ಧ್ವನಿಗೆ ಒಂದೇ ಸ್ಥಾನ. ಕನ್ನಡದ ಕಕಾರವಿರುವ ಕೀಲಿಯಲ್ಲಿಯೇ ಮಲಯಾಳದ ಕಕಾರ, ತಮಿಳಿನ ಕಕಾರ. ನಮ್ಮ ಶಾಲೆಯ ಮಕ್ಕಳು ಒಮ್ಮೆ ಬೆರಳುಗಳನ್ನು ಪಳಗಿಸಿಕೊಂಡು ಎರಡು ಲಿಪಿಗಳಲ್ಲಿಯೂ ಬರೆಯುತ್ತಿದ್ದರು. ಕಚೇರಿಯ ಅರ್ಜಿಯನ್ನು ಮಲಯಾಳದಲ್ಲಿ, ಮನೆಯ ಪತ್ರವನ್ನು ಕನ್ನಡದಲ್ಲಿ. ಎರಡು ಭಾಷೆಗಳ ನಡುವೆ ಬದುಕುವುದು ಎರಡು ಹೊರೆಗಳನ್ನು ಹೊರುವುದಾಗಿಯೇ ಸಾಮಾನ್ಯವಾಗಿ ಅನುಭವಕ್ಕೆ ಬರುವ ಗಡಿನಾಡಿನಲ್ಲಿ, ಒಂದು ಶ್ರಮಕ್ಕೆ ಎರಡು ಫಲವನ್ನು ಕೊಟ್ಟ ವಿದ್ಯೆ ಇದೊಂದೇ ಎಂದು ನನಗೆ ತೋರಿದುದುಂಟು.

ಕೇರಳದ ಮೇಲೆ ಕಾಸರಗೋಡಿನ ಕನ್ನಡಿಗನಿಗಿರುವ ವ್ಯಥೆಗಳು ಹಲವು, ಅವನ್ನು ಈ ಅಂಕಣದಲ್ಲಿ ಹೇಳುತ್ತಲೇ ಬಂದಿದ್ದೇನೆ; ಆದರೆ ಈ ವಿಷಯದಲ್ಲಿ ಅದಕ್ಕೆ ಕೃತಜ್ಞನಾಗಿರಬೇಕು. 2001ರ ಸುಮಾರಿಗೆ ಐಟಿ ಅಟ್ ಸ್ಕೂಲ್ ಎಂಬ ಯೋಜನೆಯನ್ನಾರಂಭಿಸಿ, ಮುಂದೆ ಸ್ವತಂತ್ರ ತಂತ್ರಾಂಶಗಳನ್ನೇ ಆಶ್ರಯಿಸಿ, ಪಠ್ಯಪುಸ್ತಕಗಳನ್ನು ಮಲಯಾಳ, ಇಂಗ್ಲಿಷ್, ತಮಿಳುಗಳ ಸಂಗಡ ಕನ್ನಡದಲ್ಲಿಯೂ ಅಚ್ಚುಹಾಕಿತು. 2022ರಲ್ಲಿ 5ರಿಂದ 10ನೆಯ ತರಗತಿಯವರೆಗಿನ 19 ಲಕ್ಷಕ್ಕೂ ಮಿಕ್ಕಿದ ವಿದ್ಯಾರ್ಥಿಗಳಿಗೆ ಸುಳ್ಳು ಸುದ್ದಿಯನ್ನು ಗುರುತಿಸುವ ಪಾಠವನ್ನು ಹೇಳಿತು; 2024ರಲ್ಲಿ 7ನೆಯ ತರಗತಿಗೆ ಕೃತಕ ಬುದ್ಧಿಮತ್ತೆಯನ್ನು ತಂದಿತು. ಕರ್ನಾಟಕವೂ ಅದೇ ಕಾಲದಲ್ಲಿ, 2001ರ ಸುಮಾರಿಗೆ, ಮಾಹಿತಿ ಸಿಂಧು ಎಂಬ ಯೋಜನೆಯನ್ನು ಕೈಗೊಂಡಿತು, ಆದರೆ ಅದು ಪ್ರೌಢಶಾಲೆಗಳಿಗಾಗಿ. ಯಂತ್ರವು ಹಾಳಾದೀತೆಂಬ ಭಯವೂ ಪರೀಕ್ಷೆಯ ಭಯವೂ ಇನ್ನೂ ಮುಟ್ಟದ ಹನ್ನೊಂದು, ಹನ್ನೆರಡು, ಹದಿಮೂರರ ವಯಸ್ಸೇ ಈ ವಿದ್ಯೆಗೆ ಸಕಾಲವೆಂಬುದು ನನ್ನ ದೃಢವಾದ ನಂಬಿಕೆ. ಬಟ್ಟೆಯ ಮುಸುಕು ಹೊದೆದು ಬೀಗದೊಳಗೆ ಕುಳಿತಿದ್ದ ಕಂಪ್ಯೂಟರುಗಳನ್ನು ಗಡಿಯ ಎರಡು ಕಡೆಗಳಲ್ಲಿಯೂ ನಾನು ಕಂಡಿದ್ದೇನೆ; ಮಕ್ಕಳು ಮುಟ್ಟಿ ಕೆಡಿಸಿದ ಕಂಪ್ಯೂಟರುಗಳಿಗಿಂತ ಮುಟ್ಟದೆ ತೇವಕ್ಕೆ ಕೆಟ್ಟವೇ ಅಧಿಕ.

ಎರಡನೆಯ ಪಾಠಕ್ಕೆ ಮಂಜ್ರಾಬಾದ್ ಕೋಟೆಯು ನೆರವಾಯಿತು. ದೋಣಿಗಾಲಿನ ಬಳಿಯ ಗುಡ್ಡದ ಮೇಲೆ ಟಿಪ್ಪುವು ಕಟ್ಟಿಸಿದ, 1792ರಲ್ಲಿ ಮುಗಿದ ಆ ಕೋಟೆಯನ್ನು ಈ ಮಕ್ಕಳು ಎಷ್ಟೋ ಸಲ ಹತ್ತಿದ್ದಾರೆ, ಗೋಡೆಯ ಮೇಲೆ ಓಡಿದ್ದಾರೆ. ಆದರೆ ಅದು ಎಂಟು ಮೂಲೆಗಳ ನಕ್ಷತ್ರವೆಂಬುದನ್ನು ಅವರು ಕಣ್ಣಾರೆ ಕಂಡುದು ಉಪಗ್ರಹದ ಭೂಪಟದಲ್ಲಿ. ಅದನ್ನು ನಾವೇ ಬರೆಯೋಣವೆಂದು ಹೊರಟೆವು. 1967ರಲ್ಲಿ ಸೀಮೋರ್ ಪ್ಯಾಪರ್ಟ್ ಮತ್ತು ಅವನ ಸಂಗಡಿಗರು ಮಕ್ಕಳಿಗೆಂದೇ ರಚಿಸಿದ ಲೋಗೋ ಎಂಬ ಭಾಷೆಯಲ್ಲಿ, ಪರದೆಯ ಮೇಲಿನ ಒಂದು ಆಮೆಗೆ ಮುಂದೆ ನಡೆ, ಬಲಕ್ಕೆ ತಿರುಗು ಎಂದು ಆಜ್ಞಾಪಿಸಿ ಚಿತ್ರ ಬರೆಯಿಸಬಹುದು. ಅದರ ಆಜ್ಞೆಗಳನ್ನು ಕನ್ನಡಕ್ಕೆ ತಂದು ಕನ್ನಡ ಲೋಗೋವನ್ನು ಮಾಡಿದವರು ಡಾ. ಯು.ಬಿ. ಪವನಜರು. ಎಂಟು ಮೂಲೆಗಳಾದುದರಿಂದ 360ನ್ನು ಎಂಟರಿಂದ ಭಾಗಿಸಿ, ಎಂಟು ಸಲ 45 ಡಿಗ್ರಿ ತಿರುಗಿಸಿದ ಹುಡುಗನಿಗೆ ಅಷ್ಟಕೋನವೊಂದು ದೊರೆಯಿತು, ನಕ್ಷತ್ರವಲ್ಲ. "ಇದು ಕೋಟೆ ಅಲ್ಲ ಮೇಷ್ಟ್ರೇ, ಬಾವಿಕಟ್ಟೆ" ಎಂದನು. ನಾನು ಉತ್ತರವನ್ನು ಹೇಳಲಿಲ್ಲ. ಹೊರಗೆ ಅಂಗಳದಲ್ಲಿ ತಾವೇ ಆಮೆಗಳಾಗಿ ನಡೆದು, ತಿರುಗಿ, ಜಾರಿ ಬಿದ್ದು, ಇನ್ನೂ ಹೆಚ್ಚು ತಿರುಗಬೇಕೆಂಬುದನ್ನು ಕಂಡುಕೊಂಡು, ಎರಡು ವಾರಗಳ ಬಳಿಕ 135ಕ್ಕೆ ಬಂದು ಮುಟ್ಟಿದರು. ಎಂಟು ಸಲ 135 ಎಂದರೆ 1080. ಮೂರು ಪೂರ್ಣ ಸುತ್ತು. ಆಮೆಯು ಮೂರು ಸುತ್ತು ತಿರುಗಿ ಹೊರಟ ಜಾಗಕ್ಕೆ ಮರಳಿದಾಗ ಪರದೆಯ ಮೇಲೆ ನಕ್ಷತ್ರವು ನಿಂತಿತ್ತು. ಆ ಎರಡು ವಾರಗಳನ್ನು ನಾನು ಒಂದು ವಾಕ್ಯದಿಂದ ಉಳಿಸಬಹುದಿತ್ತು, ಉಳಿಸದಿದ್ದುದೇ ಲೇಸಾಯಿತು.

ಈಗ ಆನೆಯ ಮಾತು. ಸಕಲೇಶಪುರ, ಆಲೂರು ಸೀಮೆಯಲ್ಲಿ ಆನೆಯ ಸುದ್ದಿಯು ಜೀವದ ಸುದ್ದಿ. ಹಿಂಡು ಯಾವ ತೋಟದಲ್ಲಿದೆ, ಯಾವ ದಾರಿಯನ್ನು ಹಿಡಿದಿದೆ ಎಂಬುದು ವಾಟ್ಸಾಪಿನ ಗುಂಪುಗಳಲ್ಲಿ ಬರುತ್ತದೆ. ಅದನ್ನು ನೋಡಿಯೇ ಆಳುಗಳು ಕೆಲಸಕ್ಕೆ ಹೊರಡುತ್ತಾರೆ, ಮಕ್ಕಳು ಶಾಲೆಗೆ ಹೊರಡುತ್ತಾರೆ. ಒಂದು ಭಾನುವಾರ, ನಮ್ಮ ಊರ ದಾರಿಯಲ್ಲಿಯೇ ಆ ಬೆಳಿಗ್ಗೆ ತೆಗೆದುದೆಂಬ ಒಕ್ಕಣೆಯೊಡನೆ, ರಸ್ತೆಗೆ ಅಡ್ಡಲಾಗಿ ನಿಂತ ಒಂಟಿ ಸಲಗದ ಚಿತ್ರವೊಂದು ಬಂದಿತು. ದೊಡ್ಡವರೆಲ್ಲ ಅದನ್ನು ಆಗಲೇ ಇತರರಿಗೆ ಕಳುಹಿಸಿಯಾಗಿತ್ತು. ಲೈನ್ ಮನೆಯ ಮಲಯಾಳಿ ಹುಡುಗನು ಮಾತ್ರ ಚಿತ್ರವನ್ನು ಹಿಗ್ಗಿಸಿ, ಆನೆಯ ಹಿಂದೆ ಪೊದೆಯಲ್ಲಿ ಅರೆಮರೆಯಾಗಿದ್ದ ಫಲಕವನ್ನು ತಡೆತಡೆದು ಓದಿದನು: "ಮುತ್ತಂಙ. ಇದು ವಯನಾಡು, ಮೇಷ್ಟ್ರೇ, ನಮ್ಮೂರಲ್ಲ." ಯಾರು ತೆಗೆದರು, ಎಲ್ಲಿ, ಯಾವಾಗ ಎಂಬ ಮೂರು ಪ್ರಶ್ನೆಗಳನ್ನು ವಾರಗಟ್ಟಲೆ ಹೇಳಿಕೊಟ್ಟಿದ್ದೆನು; ಅವುಗಳಲ್ಲಿ 'ಎಲ್ಲಿ' ಎಂಬುದಕ್ಕೆ ಉತ್ತರ ದೊರೆತುದು, ತನಗೇನೂ ಉಪಯೋಗವಿಲ್ಲವೆಂದು ಅವನು ಸಂಕೋಚದಿಂದ ಮುಚ್ಚಿಟ್ಟುಕೊಂಡಿದ್ದ ತಾಯಿಯ ಲಿಪಿಯಿಂದ. ನನಗೆ ಕಣ್ಣು ತುಂಬಿ ಬಂದಿತು. ಎರಡು ಭಾಷೆಗಳ ಮಗುವಿಗೆ ಒಂದು ಮಾತನ್ನು ಕೇಳಿದೊಡನೆ, ಇದು ಮೂಲದಲ್ಲಿ ಯಾರ ಮಾತು, ಅಲ್ಲಿ ಇದಕ್ಕೆ ಏನರ್ಥ ಎಂದು ಯೋಚಿಸಲು ಮನೆಯಲ್ಲಿಯೇ ಅಭ್ಯಾಸವಾಗಿರುತ್ತದೆ; ಪರದೆಯ ಮುಂದೆ ಕುಳಿತಾಗ ಬೇಕಾದ ವಿವೇಕವೂ ಅದೇ. ನಾವು ಶಾಲೆಗಳಲ್ಲಿ ಅದನ್ನು ಎಬ್ಬಿಸುವ ಬದಲು, ಮನೆಯ ಭಾಷೆಯನ್ನು ಹೊಸಿಲಿನ ಹೊರಗೆ ಬಿಟ್ಟು ಬಾ ಎನ್ನುತ್ತೇವೆ.

ಚಿತ್ರವು ಸುಳ್ಳಾದ ಮಾತ್ರಕ್ಕೆ ಆನೆಯೇ ಸುಳ್ಳೆಂದು ತೀರ್ಮಾನಿಸುವಂತಿರಲಿಲ್ಲ. ಮಕ್ಕಳು ತೋಟದ ರೈಟರಿಗೆ ಫೋನ್ ಮಾಡಿ ವಿಚಾರಿಸಿದರು. ಆನೆಗಳು ಅಂದು ಬೇರೆಯ ಕಡೆಗೆ ಹೋಗಿದ್ದುವು. ಒಡನೆಯೇ ಕುಳಿತು, ಚಿತ್ರವು ಇಲ್ಲಿಯದಲ್ಲವೆಂದೂ, ಆದರೂ ಸಂಜೆ ಒಬ್ಬೊಬ್ಬರೇ ತಿರುಗಬಾರದೆಂದೂ ಒಂದು ಸೂಚನೆಯನ್ನು ಕನ್ನಡದಲ್ಲಿ ಬರೆದರು; ಅದನ್ನೇ ಮಲಯಾಳದಲ್ಲಿ ಬರೆದರು; ತಮಿಳಿಗೆ ಒಬ್ಬಳ ತಾಯಿಯನ್ನು ಕರೆತಂದರು. ಆನೆ, ಆನ, ಯಾನೈ ಎಂದು ಒಂದೇ ಪದವು ಮೂರು ವೇಷ ತಾಳಿ ಪರದೆಯ ಮೇಲೆ ಸಾಲಾಗಿ ನಿಂತುದನ್ನು ನೋಡಿ ಅವರಿಗಾದ ಸಂತೋಷವನ್ನು ಏನೆಂದು ಹೇಳಲಿ!

ಅಷ್ಟು ಹೊತ್ತೂ ಜಗುಲಿಯ ಕಂಬಕ್ಕೆ ಒರಗಿ, ಮಾತಿಲ್ಲದೆ ನೋಡುತ್ತಿದ್ದ ಒಬ್ಬ ಬಾಲಿಕೆ ಇದ್ದಳು. ಅಸ್ಸಾಮಿನಿಂದ ಬಂದ ಕುಟುಂಬದವಳು. ಕನ್ನಡವು ಇನ್ನೂ ಹತ್ತಿರಲಿಲ್ಲ. ಪರದೆಯ ಮೇಲಿನ ಆನೆಯನ್ನು ತೋರಿಸಿ, "ನೀವು ಏನಂತೀರಿ?" ಎಂದು ತಂಗಿಯ ಮೊಮ್ಮಗಳು ಸನ್ನೆಯಿಂದ ಕೇಳಿದಳು. "ಹಾತೀ" ಎಂದಳು ಆಕೆ, ಮೆಲ್ಲಗೆ. ಇವಳು ಆ ಧ್ವನಿಯನ್ನು ಕನ್ನಡದ ಕೀಲಿಗಳಲ್ಲಿ ಒತ್ತಿದಳು; 'ಹಾತೀ' ಎಂದು ಮೂಡಿತು. ನಾನು ಕೈಚಾಚಿ ಕೀಲಿಮಣೆಯ ಭಾಷೆಯನ್ನು ಮಾತ್ರ ಅಸ್ಸಾಮಿಗೆ ಬದಲಾಯಿಸಿ, ಅದೇ ನಾಲ್ಕು ಕೀಲಿಗಳನ್ನು ಮತ್ತೊಮ್ಮೆ ಒತ್ತುವಂತೆ ಹೇಳಿದೆನು. ಕಂಬವನ್ನು ಬಿಟ್ಟು ಆ ಬಾಲಿಕೆ ಪರದೆಯ ಹತ್ತಿರಕ್ಕೆ ಬಂದು, ಬೆರಳಿಟ್ಟು, ಗಟ್ಟಿಯಾಗಿ ಓದಿದಳು.