ಚೊಗರಿನ ಬಣ್ಣದ ಅಂಗಿ

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊಸನಗರದ ಸೀಮೆ ಹಾದು ಸಾಗರ ತಾಲ್ಲೂಕಿಗೆ ಇಳಿಯುತ್ತಾಳೆ. ಈ ಮೂರೂ ತಾಲ್ಲೂಕುಗಳನ್ನು ನದಿಯಷ್ಟೇ ಬಿಗಿಯಾಗಿ ಬೆಸೆದಿರುವುದು ಅಡಿಕೆ ತೋಟ. ಕೊಯ್ಲಿನ ದಿನಗಳಲ್ಲಿ ಹಸಿ ಅಡಿಕೆ ಸುಲಿದು ಹಂಡೆಯಲ್ಲಿ ಬೇಯಿಸುತ್ತಾರೆ. ಬೆಂದ ಮೇಲೆ ಉಳಿಯುವ ಕೆಂಗಂದು ರಸವೇ ಚೊಗರು. ಬಟ್ಟೆಗೆ ತಾಗಿದರೆ ಸುಲಭಕ್ಕೆ ಹೋಗದ ಕಲೆ. ಈ ಕಲೆಗಾಗಿ ಅಮ್ಮನಿಂದ ಬೈಸಿಕೊಳ್ಳದ ಮಕ್ಕಳು ಇಲ್ಲಿ ಅಪರೂಪ. ಆದರೆ ಅದೇ ಚೊಗರನ್ನು ಬೇಕೆಂದೇ ನೂಲಿಗೆ ಹಿಡಿಸುವ ಊರೊಂದು ಸಾಗರದ ಬಳಿ ಇದೆ.

ಸಾಗರದಿಂದ ಸುಮಾರು 8 ಕಿ.ಮೀ. ದೂರದ ಹೆಗ್ಗೋಡು, 1949ರಲ್ಲಿ ಹುಟ್ಟಿದ ನೀನಾಸಂನಿಂದಾಗಿ ನಾಡಿಗೆಲ್ಲ ಪರಿಚಿತ. ಅದರ ನೆರೆಯ ಭೀಮನಕೋಣೆಯಲ್ಲಿ 1990ರ ದಶಕದಲ್ಲಿ ರಂಗ ನಿರ್ದೇಶಕ ಪ್ರಸನ್ನ ಅವರ ಪ್ರೇರಣೆಯಿಂದ ‘ಚರಕ’ ಮಹಿಳಾ ಸಹಕಾರ ಸಂಘ ಆರಂಭವಾಯಿತು. ನೇಯ್ಗೆಯ ಪರಂಪರೆಯಿಲ್ಲದ ಹಳ್ಳಿಗಳ ಹೆಣ್ಣುಮಕ್ಕಳು ಹಾಸು ಹೊಕ್ಕು ಕಲಿತರು, ಲಾಳಿ ಹಿಡಿದರು, ಅಂಗಿ, ಜುಬ್ಬಾ, ಕುರ್ತಾ ಹೊಲಿದರು. ಮಾರಾಟಕ್ಕೆ ‘ದೇಸಿ’ ಅಂಗಡಿಗಳು ಹುಟ್ಟಿಕೊಂಡವು.

ವಿಜ್ಞಾನ ಓದುವ ಮಕ್ಕಳಿಗೆ ಬಣ್ಣದ ಮನೆಯೇ ಪ್ರಯೋಗಶಾಲೆ. ಹತ್ತಿಯ ನೂಲು ಸೆಲ್ಯುಲೋಸ್. ಬಹುಪಾಲು ಗಿಡಮೂಲ ಬಣ್ಣಗಳು ಅದಕ್ಕೆ ತಾವಾಗಿ ಭದ್ರವಾಗಿ ಅಂಟವು. ನಡುವೆ ಕೊಂಡಿ ಬೇಕು. ಪಟಿಕದಲ್ಲಿರುವ ಅಲ್ಯೂಮಿನಿಯಂ ಅಂಥದೊಂದು ಕೊಂಡಿ. ಚೊಗರಿನಲ್ಲಿ ಟ್ಯಾನಿನ್ ಹೇರಳವಾಗಿರುವುದರಿಂದ ಅದು ನೂಲನ್ನು ಬಿಗಿಯಾಗಿ ಹಿಡಿಯುತ್ತದೆ. ಟ್ಯಾನಿನ್‌ಗೆ ಕಬ್ಬಿಣದ ಲವಣ ಸೇರಿದರೆ ಬಣ್ಣ ಕಪ್ಪಿಗೆ ತಿರುಗುತ್ತದೆ. ಹಿಂದಿನವರು ಶಾಯಿ ಮಾಡುತ್ತಿದ್ದುದೂ ಹೀಗೆಯೇ. ನೀಲಿಯ ಕಥೆ ಬೇರೆ. ನೀಲಿಯ ತೊಟ್ಟಿಯಿಂದ ಎತ್ತಿದ ನೂಲು ಮೊದಲು ಹಳದಿ ಹಸಿರು. ಗಾಳಿಯ ಆಮ್ಲಜನಕ ಸೋಕಿದಂತೆ ಕಣ್ಣೆದುರೇ ನೀಲಿಯಾಗುತ್ತದೆ.

ದಿನಬಳಕೆಗೆ ಸರಳವಾದ, ಕೈಗೆಟುಕುವ ಉಡುಪು ಎಂಬ ಮಾತನ್ನೇ ಹಿಡಿದು ಬೆಳೆದ ಇನ್ನೊಂದು ಸಂಸ್ಥೆ ಜಪಾನಿನ ಯೂನಿಕ್ಲೋ. 1984ರಲ್ಲಿ ಹಿರೋಷಿಮಾದಲ್ಲಿ ಮೊದಲ ಅಂಗಡಿ ತೆರೆದು, 2019ರಲ್ಲಿ ದೆಹಲಿಗೂ ಬಂತು. ಅದರ ಬಲ ಭಾರೀ ಕಾರ್ಖಾನೆಗಳ ಉತ್ಪಾದನೆ. ಕೈಮಗ್ಗದಲ್ಲಾದರೋ ಒಬ್ಬಾಕೆ ದಿನವಿಡೀ ದುಡಿದರೂ ಬರುವುದು ಕೆಲವೇ ಮೀಟರು ಬಟ್ಟೆ. ಆದ್ದರಿಂದ ಕೈಮಗ್ಗದ ಅಂಗಿ ಗಿರಣಿಯ ಅಂಗಿಯಷ್ಟು ಅಗ್ಗವಾಗದು. ಆದರೆ ಬೆಲೆಯ ಬಹುಪಾಲು ದುಡಿದ ಕೈಗೆ ಸೇರುವುದು ಸಾಧ್ಯ.

ಈ ದಾರಿ ಸುಗಮವಲ್ಲ. ಕೈಉತ್ಪನ್ನಗಳಿಗೆ ತೆರಿಗೆ ಬೇಡವೆಂದು 2017ರಲ್ಲಿ ಪ್ರಸನ್ನ ಉಪವಾಸ ಕುಳಿತರು. 2020ರಲ್ಲಿ ಕೊರೊನಾ ಕಾಲದಲ್ಲಿ ಬಟ್ಟೆ ಮಾರಾಟವಾಗದೆ ಉಳಿದು, ಚರಕ ತಾನು ದಿವಾಳಿಯಾಗಿರುವುದಾಗಿ ಘೋಷಿಸಬೇಕಾಯಿತು. ಕೊಳ್ಳುವವರಿಲ್ಲದಿದ್ದರೆ ಎಷ್ಟು ಒಳ್ಳೆಯ ಮಗ್ಗವೂ ಸುಮ್ಮನಾಗುತ್ತದೆ ಎಂಬುದು ಆಗ ಎಲ್ಲರಿಗೂ ಮನವರಿಕೆಯಾಯಿತು.

ರಜೆಯಲ್ಲಿ ಜೋಗಕ್ಕೆ ಹೊರಟವರು ಮುಂಚಿತವಾಗಿ ವಿಚಾರಿಸಿಕೊಂಡು, ಮಕ್ಕಳೊಂದಿಗೆ ಅರ್ಧ ದಿನ ಭೀಮನಕೋಣೆಗೆ ಮೀಸಲಿಡಬಹುದು. ಕೊಂಡ ಬಟ್ಟೆಯನ್ನು ಮೊದಲ ಸಲ ಬೇರೆಯಾಗಿಯೇ ಒಗೆದು ನೆರಳಿನಲ್ಲಿ ಒಣಗಿಸಬೇಕು. ಚೊಗರಿನ ಕಲೆಗೆ ಮಗನನ್ನು ಬೈದ ಅಮ್ಮನೇ, ಕಾಲೇಜಿಗೆ ಹೊರಟವನಿಗೆ ಚೊಗರಿನ ಬಣ್ಣದ ಅಂಗಿ ಆರಿಸಿಕೊಟ್ಟರೆ ಆಶ್ಚರ್ಯವಿಲ್ಲ.