ಬೈಕಿನ ಹಿಂದೊಂದು ಬಂಡಿ

ಪ್ರವಾಸದ ಬೈಕಿಗೆ ಕಟ್ಟುವ ಕ್ಯಾಂಪರ್ ಟ್ರೈಲರ್ ಎಂದರೆ ಮಡಚಿದ ಗುಡಾರ, ಹಾಸಿಗೆ ಹೊತ್ತ ಪುಟ್ಟ ಬಂಡಿ. ಅದರ ಜೀವವೆಲ್ಲ ಕೊಂಡಿಯಲ್ಲಿದೆ. ತಿರುವಿನಲ್ಲಿ ಬೈಕು ವಾಲುತ್ತದೆ, ಎರಡು ಗಾಲಿಯ ಬಂಡಿ ವಾಲದು. ಆದ್ದರಿಂದ ಕೊಂಡಿ ತನ್ನ ಸುತ್ತ ಹೊರಳುವಂತಿರಲೇಬೇಕು.

ಹೇರುವ ಲೆಕ್ಕವಂತೂ ಕಂಪ್ಲಿಯ ಗದ್ದೆಬಯಲಿನ ಎತ್ತಿನ ಗಾಡಿಯದೇ. ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಮುಂಭಾರವಾದರೆ ಎತ್ತಿನ ಹೆಗಲು ನೋಯುತ್ತದೆ. ಟ್ರೈಲರಿನ ತೂಕದಲ್ಲಿ ಸುಮಾರು ಶೇ. 10ರಷ್ಟು ಕೊಂಡಿಯ ಮೇಲೆ ಕೂರಬೇಕು. ಹಿಂಭಾರದ ಬಂಡಿ ವೇಗದಲ್ಲಿ ಬಾಲ ಬೀಸಿ ಬೈಕನ್ನೇ ಅಲುಗಿಸುತ್ತದೆ.

ಹೊಸಪೇಟೆಯಿಂದ ಹಂಪಿಯ ಹಾದಿ ಅಷ್ಟು ಕಷ್ಟದ್ದಲ್ಲ. ನಿಜವಾದ ಪರೀಕ್ಷೆ ಸಂಡೂರಿನ ಗುಡ್ಡಗಳ ಇಳಿಜಾರು. ಬ್ರೇಕಿಲ್ಲದ ಬಂಡಿ ಹಿಂದಿನಿಂದ ನೂಕುತ್ತದೆ. ವೇಗ ಇಮ್ಮಡಿಯಾದರೆ ಬ್ರೇಕು ನುಂಗಬೇಕಾದ ಶಕ್ತಿ ನಾಲ್ಮಡಿ. ಅದಿರಿನ ಲಾರಿಗಳ ನಡುವೆ ಇಳಿಯುವವರು ಇಳುಕಲಿಗೆ ಮೊದಲೇ ವೇಗ ತಗ್ಗಿಸಿ, ಕೆಳಗಿನ ಗೇರಿನಲ್ಲಿ ಸಾಗಬೇಕು.

1988ರ ಮೋಟಾರು ವಾಹನ ಕಾಯ್ದೆಯ ವ್ಯಾಖ್ಯೆಯಲ್ಲಿ ಟ್ರೈಲರೂ ಮೋಟಾರು ವಾಹನವೇ. ಎಷ್ಟೇ ಪುಟ್ಟದಾಗಿದ್ದರೂ ನೋಂದಣಿಯಿಲ್ಲದೆ ಅದನ್ನು ರಸ್ತೆಗಿಳಿಸುವಂತಿಲ್ಲ.